ಹಕ್ಕಿಗೆ ಕಾಣದ ಗೋಡೆ

ಮನೆಯ ಮುಂದೆ ನಿಲ್ಲಿಸಿದ ಸ್ಕೂಟರಿನ ಮೇಲೆ ಕುಳಿತು ಗುಬ್ಬಚ್ಚಿಯೊಂದು ಅದರ ಕನ್ನಡಿಯನ್ನು ಕುಕ್ಕುತ್ತಲೇ ಇರುವ ನೋಟವನ್ನು ಬಹಳ ಮಂದಿ ಕಂಡಿದ್ದಾರೆ. ಒಳಗೆ ಕಾಣುವುದು ತನ್ನದೇ ಬಿಂಬ ಎಂದು ಅದಕ್ಕೆ ತಿಳಿಯದು. ತನ್ನ ಸರಹದ್ದಿಗೆ ನುಗ್ಗಿದ ಇನ್ನೊಂದು ಗುಬ್ಬಚ್ಚಿ ಎಂದು ಬಗೆದು ಜಗಳಕ್ಕೆ ನಿಲ್ಲುತ್ತದೆ. ಗೂಡು ಕಟ್ಟಿ ಮೊಟ್ಟೆ ಇಡುವ ಕಾಲದಲ್ಲಿ ಸೂರಕ್ಕಿ, ಪಿಕಳಾರಗಳಿಗೂ ಈ ಚಾಳಿಯುಂಟು. ನೋಡುವವರಿಗೆ ಇದೊಂದು ತಮಾಷೆ. ಹಕ್ಕಿಗೂ ದಣಿವಾಗುವುದನ್ನು ಬಿಟ್ಟರೆ ಹೆಚ್ಚಿನ ಹಾನಿಯಿಲ್ಲ. ಕನ್ನಡಿಗೆ ಒಂದು ಹಳೆಯ ಬಟ್ಟೆ ಮುಚ್ಚಿದರೆ ಜಗಳ ಮುಗಿದಂತೆ.

ಆದರೆ ಗಾಜು ಹಕ್ಕಿಗೆ ಮಾಡುವ ಇನ್ನೊಂದು ಮೋಸವಿದೆ. ಅದು ತಮಾಷೆಯದಲ್ಲ. ಮರದಿಂದ ಮರಕ್ಕೆ ವೇಗವಾಗಿ ಹಾರುತ್ತಿರುವ ಹಕ್ಕಿ ನಡುವೆ ಇರುವ ಗಾಜನ್ನು ಕಾಣದೆ ನೇರವಾಗಿ ಬಂದು ಬಡಿಯುತ್ತದೆ. 'ಟಪ್' ಎಂಬ ಒಂದು ಸದ್ದು, ಗಾಜಿನ ಮೇಲೆ ಒಂದೆರಡು ಪುಕ್ಕ, ಕೆಳಗೆ ಬಿದ್ದ ಪುಟ್ಟ ದೇಹ. ಮನೆಯವರು ಗುಡಿಸಿ ಹಾಕುತ್ತಾರೆ, ಇಲ್ಲವೆ ಅದಕ್ಕೂ ಮೊದಲೇ ಬೆಕ್ಕು ಎತ್ತಿಕೊಂಡು ಹೋಗುತ್ತದೆ. ಹೀಗಾಗಿ ಇದು ಅಪರೂಪದ ಅಪಘಾತ ಎಂದೇ ಎಲ್ಲರ ಎಣಿಕೆ.

ನಿಜ ಬೇರೆ ಇದೆ. ಅಮೆರಿಕದ ಪಕ್ಷಿತಜ್ಞ ಡೇನಿಯಲ್ ಕ್ಲೆಮ್ ಎಂಬುವರು 1974ರಿಂದ ಈ ಒಂದೇ ವಿಷಯದ ಬೆನ್ನು ಹತ್ತಿದರು. ಅಮೆರಿಕ ಒಂದರಲ್ಲೇ ವರ್ಷಕ್ಕೆ 10 ಕೋಟಿಯಿಂದ 100 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತಿರಬಹುದು ಎಂದು 1990ರಲ್ಲಿ ಅವರು ಬರೆದಾಗ ಹಲವರು ನಂಬಲಿಲ್ಲ. 2014ರಲ್ಲಿ ಬೇರೆ ವಿಜ್ಞಾನಿಗಳ ತಂಡವೊಂದು ಅಲ್ಲಿಯವರೆಗಿನ ಎಲ್ಲ ಅಂಕಿ ಅಂಶಗಳನ್ನು ಒಟ್ಟು ಹಾಕಿ ಮತ್ತೆ ಲೆಕ್ಕ ಮಾಡಿತು. ಉತ್ತರ 36.5 ಕೋಟಿಯಿಂದ 98.8 ಕೋಟಿಯವರೆಗೆ; ನಡುವಿನ ಅಂದಾಜು ಸುಮಾರು 60 ಕೋಟಿ. ಕ್ಲೆಮ್ ಉತ್ಪ್ರೇಕ್ಷೆ ಮಾಡಿರಲಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ಅಚ್ಚರಿಯೂ ಇತ್ತು. ಗಗನಚುಂಬಿ ಕಟ್ಟಡಗಳೇ ಮುಖ್ಯ ಅಪರಾಧಿಗಳು ಎಂದು ಯಾರಾದರೂ ಊಹಿಸಿಯಾರು. ಒಂದೊಂದು ಕಟ್ಟಡವನ್ನೇ ಹಿಡಿದು ನೋಡಿದರೆ ಅದು ನಿಜವೂ ಹೌದು. ಆದರೆ ಅಂಥ ಕಟ್ಟಡಗಳ ಸಂಖ್ಯೆ ಕಡಿಮೆ. ಒಟ್ಟು ಸಾವಿನಲ್ಲಿ ಅವುಗಳ ಪಾಲು ಶೇಕಡ 1ಕ್ಕಿಂತ ಕಡಿಮೆ. ನಾಲ್ಕರಿಂದ ಹನ್ನೊಂದು ಅಂತಸ್ತಿನ ಕಟ್ಟಡಗಳ ಪಾಲು ಶೇಕಡ 56, ಒಂದರಿಂದ ಮೂರು ಅಂತಸ್ತಿನ ಸಾಮಾನ್ಯ ಮನೆಗಳ ಪಾಲು ಶೇಕಡ 44. ಒಂದು ಮನೆಯಲ್ಲಿ ವರ್ಷಕ್ಕೆ ಸಾಯುವುದು ಒಂದೆರಡೇ ಹಕ್ಕಿ ಇರಬಹುದು. ಮನೆಗಳೇ ಕೋಟಿಗಟ್ಟಲೆ ಇರುವಾಗ ಹನಿ ಹನಿ ಕೂಡಿ ಹಳ್ಳವಾಗುತ್ತದೆ.

ಗಾಜಿನ ಎರಡು ಮೋಸ

ಗಾಜು ಹಕ್ಕಿಯನ್ನು ಎರಡು ರೀತಿಯಲ್ಲಿ ವಂಚಿಸುತ್ತದೆ. ಮೊದಲನೆಯದು ಅದರ ಪಾರದರ್ಶಕ ಗುಣ. ಕೋಣೆಯ ಎರಡು ಕಡೆಯೂ ಗಾಜಿನ ಕಿಟಕಿಗಳಿದ್ದರೆ, ಅಥವಾ ಕಟ್ಟಡದ ಮೂಲೆಯಲ್ಲಿ ಎರಡು ಗಾಜಿನ ಗೋಡೆಗಳು ಕೂಡಿದ್ದರೆ, ಆಚೆಯ ಮರ ಈಚೆಗೆ ಕಾಣುತ್ತದೆ. ಹಕ್ಕಿಗೆ ಅದು ತೆರೆದ ದಾರಿ. ಗಾಜಿನ ಒಳಗೆ ಕುಂಡದಲ್ಲಿ ಗಿಡ ಬೆಳೆಸಿದ್ದರೂ ಇದೇ ಕಥೆ.

ಎರಡನೆಯದು ಪ್ರತಿಫಲನ. ಸಾಧಾರಣ ಕಿಟಕಿಯ ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದ ಸುಮಾರು ಶೇಕಡ 4ರಂತೆ, ಎರಡು ಮೈಗಳಿಂದ ಒಟ್ಟು ಸುಮಾರು ಶೇಕಡ 8ರಷ್ಟು ಹಿಂದಿರುಗುತ್ತದೆ. ಇಷ್ಟು ಅಲ್ಪ ಬೆಳಕು ಗಾಜನ್ನು ಕನ್ನಡಿಯಾಗಿಸುವುದು ಹೇಗೆ? ಹಗಲು ಹೊತ್ತು ಹೊರಗಿನ ಬಿಸಿಲು ಕೋಣೆಯೊಳಗಿನ ಬೆಳಕಿಗಿಂತ ನೂರಾರು ಪಟ್ಟು ಪ್ರಖರ. ಅದರ ಶೇಕಡ 8ರ ಮುಂದೆಯೂ ಒಳಗಿನಿಂದ ಬರುವ ಮಂದ ಬೆಳಕು ಮಂಕಾಗುತ್ತದೆ. ಆದ್ದರಿಂದ ಹೊರಗೆ ನಿಂತವರಿಗೆ ಕಿಟಕಿಯಲ್ಲಿ ಕಾಣುವುದು ಕೋಣೆಯಲ್ಲ. ಎದುರಿನ ಮರ, ಮೋಡ, ಆಕಾಶ. ಓರೆಯಾಗಿ ನೋಡಿದಷ್ಟೂ ಪ್ರತಿಫಲನ ಹೆಚ್ಚು. ಬಿಸಿಲು ತಡೆಯಲೆಂದು ಲೋಹದ ತೆಳು ಲೇಪ ಕೊಟ್ಟ ಗಾಜಂತೂ ಹೆಚ್ಚುಕಡಿಮೆ ಕನ್ನಡಿಯೇ. ಹೊರಗಿನ ಹಕ್ಕಿಗೆ ಅಲ್ಲಿ ಇನ್ನೊಂದು ತೋಟವೇ ಕಾಣುತ್ತದೆ. ಆ ತೋಟದ ಕೊಂಬೆಯ ಮೇಲೆ ಕೂರಲು ಅದು ಹೊರಡುತ್ತದೆ.

ಮನುಷ್ಯನಿಗೂ ಗಾಜು ಕಣ್ಣಿಗೆ ಕಾಣುವುದಿಲ್ಲ. ಆದರೆ ಚೌಕಟ್ಟು, ಹಿಡಿಕೆ, ಧೂಳಿನ ಗುರುತುಗಳನ್ನು ಕಂಡು ಇಲ್ಲಿ ಗಾಜಿದೆ ಎಂದು ಅವನು ಊಹಿಸುತ್ತಾನೆ. ಇದು ಕಲಿತ ವಿದ್ಯೆ. ಈ ಗುರುತುಗಳೂ ಇಲ್ಲದ ಕಡೆ ಮನುಷ್ಯನೂ ಹಣೆ ಚಚ್ಚಿಕೊಳ್ಳುತ್ತಾನೆ. ಬ್ಯಾಂಕು, ಆಸ್ಪತ್ರೆಗಳ ಗಾಜಿನ ಬಾಗಿಲಿನ ಮೇಲೆ ಕಣ್ಣಿನ ಎತ್ತರಕ್ಕೆ ಪಟ್ಟಿ ಅಂಟಿಸಿರುವುದು ಅದಕ್ಕಾಗಿಯೇ. ಲಕ್ಷಾಂತರ ವರ್ಷಗಳಿಂದ ಕಾಡು, ಬಯಲು, ನೀರುಗಳ ನಡುವೆ ಬಾಳಿ ಬಂದ ಹಕ್ಕಿಗೆ ಪಾರದರ್ಶಕ ಗೋಡೆಯ ಅನುಭವವೇ ಇಲ್ಲ. ಒಮ್ಮೆ ಬಡಿದ ಹಕ್ಕಿ ಪಾಠ ಕಲಿಯಲು ಬದುಕಿರುವುದೂ ಕಷ್ಟ.

ಹಕ್ಕಿಯ ಕಣ್ಣಿನ ರಚನೆಯೂ ಇಲ್ಲಿ ನೆರವಿಗೆ ಬಾರದು. ಹೆಚ್ಚಿನ ಹಕ್ಕಿಗಳ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಪಾರಿವಾಳ ತಲೆ ತಿರುಗಿಸದೆಯೇ ತನ್ನ ಸುತ್ತಲಿನ ಸುಮಾರು 340 ಡಿಗ್ರಿಯಷ್ಟನ್ನು ನೋಡಬಲ್ಲದು. ಹಿಂದಿನಿಂದ ಬರುವ ಗಿಡುಗವನ್ನು ಕಾಣಲು ಇದು ಒಳ್ಳೆಯದು. ಆದರೆ ಎರಡೂ ಕಣ್ಣುಗಳು ಒಟ್ಟಿಗೆ ನೋಡುವ ಮುಂಭಾಗದ ಪ್ರದೇಶ ಬಹಳ ಕಿರಿದು. ನೇರ ಮುಂದೆ ಇರುವ ವಸ್ತುವಿನ ಬಗ್ಗೆ ಹಕ್ಕಿ ಅಷ್ಟೊಂದು ಎಚ್ಚರವಾಗಿರುವುದಿಲ್ಲ. ಬಯಲಲ್ಲಿ ಹಾರುವಾಗ ಎದುರು ಗೋಡೆ ಬರುವುದು ನಿಸರ್ಗದಲ್ಲಿ ಇಲ್ಲವಲ್ಲ!

ಒಂದು ಸಣ್ಣ ಲೆಕ್ಕ

ಪ್ರೌಢಶಾಲೆಯ ಭೌತವಿಜ್ಞಾನ ಸಾಕು, ಈ ಹೊಡೆತದ ಬಲವನ್ನು ಅಂದಾಜು ಮಾಡಬಹುದು. ಹಕ್ಕಿಯ ತೂಕ 20 ಗ್ರಾಂ, ವೇಗ ಗಂಟೆಗೆ 36 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 10 ಮೀಟರ್. ಗಾಜಿಗೆ ತಾಕಿದ ಮೇಲೆ ಅದರ ದೇಹ ಒಂದು ಸೆಂಟಿಮೀಟರ್ ದೂರದಲ್ಲಿ ನಿಂತುಹೋಗುತ್ತದೆ ಎಂದೂ ಭಾವಿಸೋಣ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ, ವೇಗ ಇಳಿಯುವ ದರ ಸೆಕೆಂಡಿಗೆ ಸೆಕೆಂಡಿಗೆ 5000 ಮೀಟರ್. ಇದು ಗುರುತ್ವ ವೇಗೋತ್ಕರ್ಷದ ಸುಮಾರು 500 ಪಟ್ಟು. ಅಂದರೆ 20 ಗ್ರಾಮಿನ ಹಕ್ಕಿಯ ಮೇಲೆ 10 ಕಿಲೋ ತೂಕಕ್ಕೆ ಸಮನಾದ ಬಲ ಬೀಳುತ್ತದೆ. 50 ಕಿಲೋ ತೂಕದ ಮನುಷ್ಯನಿಗೆ ಇದೇ ಪ್ರಮಾಣದ ಪೆಟ್ಟು ಬೀಳಬೇಕಾದರೆ 25 ಟನ್ ಬೇಕು.

ಗಾಜಿಗೆ ಬಡಿದ ಹಕ್ಕಿ ಕತ್ತು ಮುರಿದು ಸಾಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಕ್ಲೆಮ್ ಅವರು ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಕಂಡದ್ದು ಬೇರೆ. ಸಾವಿಗೆ ಕಾರಣ ತಲೆಯೊಳಗಿನ ಪೆಟ್ಟು, ಮಿದುಳಿನಲ್ಲಿ ರಕ್ತಸ್ರಾವ ಮತ್ತು ಬಾವು. ಬಡಿದ ಹಕ್ಕಿಗಳಲ್ಲಿ ಸುಮಾರು ಅರ್ಧದಷ್ಟು ಸಾಯುತ್ತವೆ ಎಂದು ಅವರ ಅಂದಾಜು. ಎದ್ದು ಹಾರಿಹೋದ ಹಕ್ಕಿಗೆ ಏನೂ ಆಗಿಲ್ಲ ಎಂದು ಹೇಳುವಂತಿಲ್ಲ. ಒಳಗಿನ ಪೆಟ್ಟಿನಿಂದ ಅದು ಸ್ವಲ್ಪ ದೂರ ಹೋಗಿ ಬೀಳಬಹುದು.

ಷಿಕಾಗೊದ ಒಂದು ಕಟ್ಟಡ

ಈ ಸಮಸ್ಯೆಯನ್ನೂ ಅದರ ಪರಿಹಾರವನ್ನೂ ಒಟ್ಟಿಗೆ ತೋರಿಸುವ ಉದಾಹರಣೆ ಅಮೆರಿಕದ ಷಿಕಾಗೊ ನಗರದಲ್ಲಿದೆ. ಅಲ್ಲಿ ಮಿಷಿಗನ್ ಸರೋವರದ ದಂಡೆಯಲ್ಲಿ ಮೆಕಾರ್ಮಿಕ್ ಪ್ಲೇಸ್ ಎಂಬ ವಿಶಾಲ ಸಮ್ಮೇಳನ ಕೇಂದ್ರವಿದೆ. ಅದರ ಒಂದು ಭಾಗವಾದ ಲೇಕ್‌ಸೈಡ್ ಸೆಂಟರ್ ಕಟ್ಟಡ ತೆರೆದದ್ದು 1971ರಲ್ಲಿ. ಎತ್ತರ ಹೆಚ್ಚಿಲ್ಲ. ಆದರೆ ನಾಲ್ಕು ಕಡೆಯೂ ದೊಡ್ಡ ದೊಡ್ಡ ಗಾಜುಗಳು. ಉತ್ತರದ ಕಾಡುಗಳಿಂದ ದಕ್ಷಿಣದ ಬೆಚ್ಚನೆಯ ನಾಡುಗಳಿಗೆ ಹೋಗಿ ಬರುವ ಕೋಟ್ಯಂತರ ವಲಸೆ ಹಕ್ಕಿಗಳ ಹೆದ್ದಾರಿ ಆ ನಗರದ ಮೇಲೆಯೇ ಹಾದುಹೋಗುತ್ತದೆ.

ಹತ್ತಿರದಲ್ಲೇ ಫೀಲ್ಡ್ ಮ್ಯೂಸಿಯಂ ಎಂಬ ಪ್ರಸಿದ್ಧ ವಸ್ತುಸಂಗ್ರಹಾಲಯವಿದೆ. ಅಲ್ಲಿ ಪಕ್ಷಿ ವಿಭಾಗದಲ್ಲಿ ಕೆಲಸಕ್ಕಿದ್ದ ಡೇವಿಡ್ ವಿಲ್ಲರ್ಡ್ ಅವರಿಗೆ 1978ರಲ್ಲಿ ಈ ಕಟ್ಟಡಕ್ಕೆ ಹಕ್ಕಿಗಳು ಬಡಿಯುತ್ತವೆ ಎಂಬ ಸುದ್ದಿ ಬಂತು. ಕುತೂಹಲದಿಂದ ಹೋಗಿ ನೋಡಿದರು. ಸತ್ತ ಹಕ್ಕಿಗಳು ಸಿಕ್ಕವು. ಮತ್ತೆ ಹೋದರು. ಅಂದಿನಿಂದ ವಸಂತ ಮತ್ತು ಶರತ್ಕಾಲದ ವಲಸೆಯ ದಿನಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ಆ ಗಾಜಿನ ಗೋಡೆಗಳ ಕೆಳಗೆ ಸುತ್ತು ಹಾಕಿ ಹಕ್ಕಿಗಳನ್ನು ಹೆಕ್ಕುವುದು ಅವರ ಮತ್ತು ಅವರ ಸಹೋದ್ಯೋಗಿಗಳ ದಿನಚರಿಯಾಯಿತು. ದಿನ, ಜಾತಿ, ತೂಕ, ರೆಕ್ಕೆಯ ಉದ್ದ, ಕಾಲಿನ ಮೂಳೆಯ ಉದ್ದ - ಎಲ್ಲವೂ ಪುಸ್ತಕದಲ್ಲಿ ದಾಖಲಾದವು. ದಶಕಗಳು ಉರುಳಿದವು. ಆ ಒಂದೇ ಕಟ್ಟಡದ ಬುಡದಲ್ಲಿ ಸಿಕ್ಕ ಹಕ್ಕಿಗಳ ಸಂಖ್ಯೆ 40,000 ದಾಟಿತು.

ಸತ್ತ ಹಕ್ಕಿಗಳ ಈ ಲೆಕ್ಕದಿಂದ ಆದ ಉಪಯೋಗವೇನು ಎಂದು ಕೇಳಬಹುದು. 1978ರಿಂದ 2016ರವರೆಗೆ ಷಿಕಾಗೊದಲ್ಲಿ ಹೀಗೆ ಸಿಕ್ಕ 52 ಜಾತಿಗಳ 70,716 ಹಕ್ಕಿಗಳ ಅಳತೆಗಳನ್ನು ವಿಜ್ಞಾನಿಗಳು 2019ರಲ್ಲಿ ವಿಶ್ಲೇಷಿಸಿದರು. ಅಷ್ಟನ್ನೂ ಅಳೆದವರು ವಿಲ್ಲರ್ಡ್ ಒಬ್ಬರೇ. ಸುಮಾರು ನಲವತ್ತು ವರ್ಷಗಳಲ್ಲಿ ಹಕ್ಕಿಗಳ ಕಾಲಿನ ಮೂಳೆ ಶೇಕಡ 2.4ರಷ್ಟು ಗಿಡ್ಡವಾಗಿತ್ತು, ರೆಕ್ಕೆ ಶೇಕಡ 1.3ರಷ್ಟು ಉದ್ದವಾಗಿತ್ತು. ಅಂದರೆ ಹಕ್ಕಿಗಳ ದೇಹ ಕುಗ್ಗುತ್ತಿದೆ. ಭೂಮಿ ಬಿಸಿಯಾಗುತ್ತಿರುವುದಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ. ಒಬ್ಬ ಮನುಷ್ಯ ಬೇಸರವಿಲ್ಲದೆ ಒಂದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಂಡು ಬಂದರೆ ಎಂಥ ಜ್ಞಾನ ಕೈಗೆ ಬರುತ್ತದೆ ಎಂಬುದಕ್ಕೆ ಇದು ನಿದರ್ಶನ.

ದೀಪದ ಸೆಳೆತ

ಅದೇ ದಾಖಲೆಗಳು ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟವು. ಸಣ್ಣ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ವಲಸೆ ಹೋಗುವುದು ರಾತ್ರಿ ಹೊತ್ತು. ರಾತ್ರಿ ಗಾಳಿ ತಂಪು, ಬೇಟೆಯಾಡುವ ಗಿಡುಗಗಳ ಕಾಟವಿಲ್ಲ. ನಕ್ಷತ್ರಗಳೂ ಭೂಮಿಯ ಕಾಂತಕ್ಷೇತ್ರವೂ ಅವಕ್ಕೆ ದಿಕ್ಕು ತೋರಿಸುತ್ತವೆ. ಮೋಡ, ಮಂಜು, ಮಳೆ ಬಂದಾಗ ಹಕ್ಕಿಗಳು ಕೆಳಗಿಳಿದು ಹಾರುತ್ತವೆ. ಆಗ ನಗರದ ಪ್ರಖರ ದೀಪಗಳು ಅವನ್ನು ಸೆಳೆದು ದಿಕ್ಕು ತಪ್ಪಿಸುತ್ತವೆ. ರಾತ್ರಿ ಹಾರುವಾಗ ಒಂದನ್ನೊಂದು ಕೂಗಿಕೊಂಡು ಸಾಗುವ ಜಾತಿಗಳೇ ಹೆಚ್ಚಾಗಿ ಬಲಿಯಾಗುತ್ತವೆ ಎಂಬುದೂ 2019ರಲ್ಲಿ ತಿಳಿದುಬಂತು. ದಾರಿ ತಪ್ಪಿದ ಒಂದು ಹಕ್ಕಿಯ ಕೂಗು ಉಳಿದವನ್ನೂ ಅಪಾಯದ ಕಡೆಗೆ ಕರೆಯುತ್ತಿರಬಹುದು.

ಕಟ್ಟಡದ ಯಾವ ಕಿಟಕಿ ಯಾವ ರಾತ್ರಿ ಬೆಳಗುತ್ತಿತ್ತು ಎಂಬುದನ್ನು ಸಹ ಬರೆದಿಟ್ಟಿದ್ದರು. ಹೆಚ್ಚು ಕಿಟಕಿಗಳು ಬೆಳಗಿದ ರಾತ್ರಿ ಹೆಚ್ಚು ಸಾವು, ಕತ್ತಲಿದ್ದ ಕಿಟಕಿಗಳ ಬುಡದಲ್ಲಿ ಕಡಿಮೆ. ಬೆಳಗುವ ಕಿಟಕಿಗಳನ್ನು ಕಡಿಮೆ ಮಾಡಿದರೆ ಸಾವನ್ನು ಸುಮಾರು ಶೇಕಡ 60ರಷ್ಟು ಇಳಿಸಬಹುದು ಎಂದು 2021ರ ಅಧ್ಯಯನ ಲೆಕ್ಕ ಹಾಕಿತು. ಇದಕ್ಕೆ ಬೇಕಾದದ್ದು ಸ್ವಿಚ್ಚಿನ ಮೇಲೆ ಬೆರಳಿಡುವ ಶ್ರಮ ಮಾತ್ರ. ವಿದ್ಯುತ್ತೂ ಉಳಿತಾಯ.

ಆದರೂ ಬಹುಕಾಲ ಗಾಜು ಹಾಗೆಯೇ ಇತ್ತು. 2023ರ ಅಕ್ಟೋಬರ್ 5ರ ಬೆಳಿಗ್ಗೆ ವಿಲ್ಲರ್ಡ್ ಮತ್ತು ಅವರ ಜೊತೆಗಾರರು ಎಂದಿನಂತೆ ಸುತ್ತು ಹಾಕಲು ಹೋದಾಗ ನೆಲವೆಲ್ಲ ಹಕ್ಕಿಗಳ ಹಾಸಾಗಿತ್ತು. ಪ್ರತಿಕೂಲ ಗಾಳಿಯಿಂದ ತಡೆದು ನಿಂತಿದ್ದ ಹಕ್ಕಿಗಳು ಗಾಳಿ ತಿರುಗಿದ ಆ ರಾತ್ರಿ ಒಟ್ಟಿಗೆ ಹೊರಟಿದ್ದವು. ಒಂದೇ ಕಟ್ಟಡಕ್ಕೆ ಬಡಿದು ಸತ್ತವು ಸಾವಿರಕ್ಕೆ ತುಸು ಕಡಿಮೆ. ಹೆಚ್ಚಿನವು ವಾರ್ಬ್ಲರ್ ಎಂಬ, ಒಂದು ಹಿಡಿಗೆ ಸಿಗುವಷ್ಟು ಪುಟ್ಟ ಹಾಡುಹಕ್ಕಿಗಳು. ಆ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾದಾಗ ಜನ ತಳಮಳಗೊಂಡರು, ಪ್ರಶ್ನೆ ಕೇಳಿದರು.

ಮರುವರ್ಷ, 2024ರ ಬೇಸಿಗೆಯಲ್ಲಿ, ಆ ಕಟ್ಟಡದ ಸುಮಾರು 1,20,000 ಚದರ ಅಡಿ ಗಾಜಿನ ಹೊರಮೈಗೆ ಸಣ್ಣ ಚುಕ್ಕಿಗಳ ಸಾಲನ್ನು ಅಂಟಿಸಿದರು. ಚುಕ್ಕಿಯಿಂದ ಚುಕ್ಕಿಗೆ ಎರಡು ಅಂಗುಲ. ತಗುಲಿದ ವೆಚ್ಚ 12 ಲಕ್ಷ ಡಾಲರ್. ಆ ವರ್ಷದ ಶರತ್ಕಾಲದ ವಲಸೆ ಬಂತು. ಹಕ್ಕಿಗಳ ಸಾವು ಸುಮಾರು ಶೇಕಡ 95ರಷ್ಟು ಇಳಿದಿತ್ತು. ನಾಲ್ಕು ದಶಕಗಳ ಸಾವಿಗೆ ಪರಿಹಾರ ಒಂದು ಬೇಸಿಗೆಯ ಕೆಲಸವಾಗಿತ್ತು!

ಚುಕ್ಕಿಯ ಮಹಿಮೆ

ಚುಕ್ಕಿ ಕೆಲಸ ಮಾಡುವುದು ಹೇಗೆ? ಕಾಡಿನಲ್ಲಿ ಹಾರುವ ಸಣ್ಣ ಹಕ್ಕಿ ಕೊಂಬೆಗಳ ನಡುವಿನ ಸಂದಿಗಳಲ್ಲಿ ನುಸುಳುತ್ತದೆ. ಸಂದಿ ತನ್ನ ದೇಹಕ್ಕೆ ಸಾಕಷ್ಟು ಅಗಲವಿದೆಯೇ ಎಂದು ಕಣ್ಣಳತೆಯಲ್ಲೇ ತೀರ್ಮಾನಿಸುತ್ತದೆ. ಗಾಜಿನ ಮೇಲೆ ದೂರ ದೂರ ಗುರುತುಗಳಿದ್ದರೆ ಅದು ಅವುಗಳ ನಡುವೆ ನುಸುಳಲು ನೋಡುತ್ತದೆ. ಗುರುತುಗಳು ಒತ್ತೊತ್ತಾಗಿದ್ದರೆ ಇಲ್ಲಿ ದಾರಿಯಿಲ್ಲ ಎಂದು ತಿರುಗಿಕೊಳ್ಳುತ್ತದೆ. ಹಾಗಾದರೆ ಅಂತರ ಎಷ್ಟಿರಬೇಕು? ಬಗೆಬಗೆಯ ಪ್ರಯೋಗಗಳಿಂದ ತಿಳಿದುಬಂದದ್ದು ಇಷ್ಟು: ನಿಂತ ಗೆರೆಗಳಾದರೆ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಜಾಗ ಇರಬಾರದು, ಮಲಗಿದ ಗೆರೆಗಳಾದರೆ 5 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಅತಿ ಸಣ್ಣ ಹಕ್ಕಿಗಳನ್ನೂ ಉಳಿಸಬೇಕಾದರೆ ಎಲ್ಲ ಕಡೆಯೂ 5 ಸೆಂಟಿಮೀಟರ್, ಅಂದರೆ ಎರಡು ಅಂಗುಲ. ಬೆರಳಿನ ಲೆಕ್ಕದಲ್ಲಿ ಸುಮಾರು ಮೂರು ಬೆರಳಗಲ. ಚುಕ್ಕಿಯ ಗಾತ್ರ 6 ಮಿಲಿಮೀಟರ್ ಇದ್ದರೆ ಸಾಕು. ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಡುವ ಕೈಗಳಿಗೆ ಇದು ಹೊಸ ವಿದ್ಯೆಯೇನಲ್ಲ.

ಇಲ್ಲಿ ಮರೆಯಬಾರದ ಮಾತು ಒಂದಿದೆ. ಚುಕ್ಕಿ ಇರಬೇಕಾದದ್ದು ಗಾಜಿನ ಹೊರಮೈ ಮೇಲೆ. ಒಳಗೆ ಅಂಟಿಸಿದರೆ ಹಗಲಿನ ಪ್ರತಿಬಿಂಬ ಅದನ್ನು ಮುಚ್ಚಿಹಾಕುತ್ತದೆ.

ಗಿಡುಗದ ಆಕಾರದ ಕಪ್ಪು ಕಾಗದವನ್ನು ಕಿಟಕಿಗೆ ಅಂಟಿಸಿದರೆ ಹಕ್ಕಿಗಳು ಹೆದರಿ ದೂರ ಹೋಗುತ್ತವೆ ಎಂಬ ಮಾತು ಅನೇಕ ದೇಶಗಳಲ್ಲಿ ಪ್ರಚಾರದಲ್ಲಿದೆ. ಕ್ಲೆಮ್ ಇದನ್ನೂ ಪರೀಕ್ಷಿಸಿದರು. ಒಂದೇ ಒಂದು ಚಿತ್ರದಿಂದ ಪ್ರಯೋಜನವಿಲ್ಲ. ಅಲುಗಾಡದ ಗಿಡುಗಕ್ಕೆ ಹಕ್ಕಿ ಹೆದರುವುದಿಲ್ಲ; ಅದರ ಪಕ್ಕದ ಖಾಲಿ ಗಾಜಿಗೆ ಬಡಿಯುತ್ತದೆ. ಬೆದರುಗೊಂಬೆ, ಪ್ಲಾಸ್ಟಿಕ್ ಗೂಬೆಗಳ ಕಥೆಯೂ ಅಷ್ಟೆ. ಹಕ್ಕಿಯನ್ನು ಹೆದರಿಸುವುದು ಪರಿಹಾರವಲ್ಲ, ಗಾಜನ್ನು ಅದಕ್ಕೆ ಕಾಣಿಸುವುದು ಪರಿಹಾರ.

ಮನುಷ್ಯನಿಗೆ ಕಾಣದ ಅತಿನೇರಳೆ ಬೆಳಕು ಬಹಳಷ್ಟು ಹಕ್ಕಿಗಳಿಗೆ ಕಾಣುತ್ತದೆ. ಈ ಗುಣವನ್ನು ಬಳಸಿಕೊಂಡು ಅತಿನೇರಳೆ ಗೆರೆಗಳಿರುವ ಗಾಜನ್ನು ಜರ್ಮನಿಯಲ್ಲಿ ತಯಾರಿಸಿದ್ದಾರೆ. ಜೇಡ ತನ್ನ ಬಲೆಯಲ್ಲಿ ನೇಯುವ ಹೊಳೆಯುವ ಎಳೆಗಳೇ ಅದಕ್ಕೆ ಸ್ಫೂರ್ತಿ. ಆದರೆ ಎಲ್ಲ ಹಕ್ಕಿಗಳಿಗೂ ಅತಿನೇರಳೆ ಒಂದೇ ತೆರನಾಗಿ ಕಾಣುವುದಿಲ್ಲ, ಗಾಜಿನ ಬೆಲೆಯೂ ಹೆಚ್ಚು. ಬರಿಗಣ್ಣಿಗೆ ಕಾಣುವ ಬಿಳಿಯ ಚುಕ್ಕಿ ಬಡವರ ಕೈಗೂ ಎಟುಕುತ್ತದೆ.

ಹೊಸದಾಗಿ ಕಟ್ಟುವಾಗಲೇ ಎಚ್ಚರ ವಹಿಸಿದರೆ ಕೆಲಸ ಇನ್ನೂ ಸುಲಭ. ನ್ಯೂಯಾರ್ಕಿನ ಜೇವಿಟ್ಸ್ ಸೆಂಟರ್ ಎಂಬ ಭಾರಿ ಗಾಜಿನ ಕಟ್ಟಡವನ್ನು ನವೀಕರಿಸಿದಾಗ ಹಳೆಯ ಹೊಳಪು ಗಾಜು ತೆಗೆದು ಚುಕ್ಕಿ ಮುದ್ರಿಸಿದ ಗಾಜು ಹಾಕಿದರು. 2014ರಲ್ಲಿ ಆ ಕೆಲಸ ಮುಗಿದ ಮೇಲೆ ಹಕ್ಕಿಗಳ ಡಿಕ್ಕಿ ಸುಮಾರು ಶೇಕಡ 90ರಷ್ಟು ಕಡಿಮೆಯಾಯಿತು. ಹೊಸ ಕಟ್ಟಡಗಳಲ್ಲಿ ನೆಲದಿಂದ 75 ಅಡಿಯವರೆಗೆ ಹಕ್ಕಿಗಳಿಗೆ ಅಪಾಯ ತಾರದಂಥ ಗಾಜನ್ನೇ ಬಳಸಬೇಕೆಂಬ ಕಾನೂನನ್ನು ಆ ನಗರ 2019ರಲ್ಲಿ ಮಾಡಿತು. 75 ಅಡಿ ಏಕೆ? ಮರಗಳ ಎತ್ತರ ಹೆಚ್ಚುಕಡಿಮೆ ಅಷ್ಟೇ. ಹಕ್ಕಿಗಳ ಹಗಲಿನ ಓಡಾಟ ಅಲ್ಲಿಯೇ.

ಭಾರತದಲ್ಲಿ

ಹಕ್ಕಿಗಳು ಬೆಳಕಿಗೆ ಮರುಳಾಗುವುದು ಭಾರತಕ್ಕೆ ಹೊಸ ಸಂಗತಿಯಲ್ಲ. ಅಸ್ಸಾಮಿನ ಜತಿಂಗಾ ಎಂಬ ಹಳ್ಳಿಯಲ್ಲಿ ಮಳೆಗಾಲ ಮುಗಿಯುವ ದಿನಗಳ ಮಂಜು ಕವಿದ, ಚಂದ್ರನಿಲ್ಲದ ರಾತ್ರಿಗಳಲ್ಲಿ ಹಕ್ಕಿಗಳು ದೀಪಗಳ ಕಡೆಗೆ ಬಂದು ಬೀಳುವುದು ಬಹು ಹಿಂದಿನಿಂದ ಪ್ರಸಿದ್ಧ. ಅದನ್ನು ಹಕ್ಕಿಗಳ ಆತ್ಮಹತ್ಯೆ ಎಂದು ಕರೆಯುವುದು ತಪ್ಪು. ಅದು ಬೆಳಕಿನಿಂದಾದ ದಿಗ್ಭ್ರಮೆ.

ಕರ್ನಾಟಕಕ್ಕೂ ರಾತ್ರಿಯ ಅತಿಥಿಗಳು ಬರುತ್ತಾರೆ. ಅವರಲ್ಲಿ ಬಣ್ಣಬಣ್ಣದ ಮೈಯ ನವರಂಗ ಹಕ್ಕಿ ಮುಖ್ಯವಾದುದು. ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಇಳಿಯುವ ಈ ಹಕ್ಕಿ ಹಾರುವುದು ರಾತ್ರಿ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ದಣಿದ ನವರಂಗಗಳು ದೀಪ ಉರಿಯುವ ಮನೆಗಳಿಗೆ ನುಗ್ಗುವುದು, ಗೋಡೆ ಕಿಟಕಿಗಳ ಬಳಿ ಬಿದ್ದು ಸಿಗುವುದು ಉಂಟು. ಸಿಂಗಪುರದಲ್ಲಿ ಕಟ್ಟಡಗಳಿಗೆ ಬಡಿದ ಹಕ್ಕಿಗಳನ್ನು ಎಣಿಸಿದಾಗ ಸಾಲಿನ ಮುಂಭಾಗದಲ್ಲಿ ಕಂಡದ್ದು ಇದೇ ಕುಟುಂಬದ ಇನ್ನೊಂದು ವಲಸೆ ಹಕ್ಕಿ ಮತ್ತು ಪಾರಿವಾಳದ ಬಳಗ.

ಬೆಂಗಳೂರಿನಂಥ ನಗರಗಳಲ್ಲಿ ಕಳೆದ ಕೆಲವು ದಶಕಗಳಿಂದ ಗಾಜು ಹೊದ್ದ ಕಟ್ಟಡಗಳು ಕೆರೆದಂಡೆ, ತೋಪುಗಳ ಪಕ್ಕದಲ್ಲೇ ಎದ್ದಿವೆ. ಸಣ್ಣ ಊರುಗಳ ಅಂಗಡಿ, ಶಾಲೆ, ಮನೆಗಳಿಗೂ ಅದೇ ಮಾದರಿ ಬರುತ್ತಿದೆ. ಉಷ್ಣ ನಾಡಿಗೆ ಬರಿಯ ಗಾಜಿನ ಗೋಡೆ ಹೊಂದುವುದೂ ಇಲ್ಲ. ಬಿಸಿಲು ಒಳನುಗ್ಗಿ ಕೋಣೆ ಒಲೆಯಾಗುತ್ತದೆ, ಅದನ್ನು ತಣಿಸಲು ವಿದ್ಯುತ್ ಬೇಕು. ಹಿಂದಿನವರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದ್ದರು. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳು ಗಾಳಿ ಬೆಳಕನ್ನು ಬಿಟ್ಟುಕೊಂಡು ಬಿಸಿಲಿನ ಝಳವನ್ನು ತಡೆಯುತ್ತವೆ. ಇಂದಿನ ಗಾಜಿನ ಹೊರಗೆ ಒಂದು ಜಾಲಂಧ್ರ ಅಥವಾ ಮರದ ಪಟ್ಟಿಗಳ ತೆರೆ ಇಟ್ಟರೆ ಕೋಣೆಯೂ ತಂಪು, ಹಕ್ಕಿಗೂ ಕ್ಷೇಮ.

ಮನೆಯಲ್ಲಿ, ಶಾಲೆಯಲ್ಲಿ

ಎಲ್ಲ ಕಿಟಕಿಗಳಿಗೂ ಚುಕ್ಕಿ ಬೇಕಿಲ್ಲ. ಮರಗಿಡಗಳಿಗೆ ಎದುರಾಗಿರುವ ದೊಡ್ಡ ಗಾಜುಗಳು, ಆಚೆಯಿಂದ ಈಚೆಗೆ ಕಾಣುವ ಗಾಜುಗಳು, ಒಮ್ಮೆ ಹಕ್ಕಿ ಬಡಿದ ಗಾಜುಗಳು - ಇವಿಷ್ಟಕ್ಕೆ ಮೊದಲು ಗಮನ ಕೊಟ್ಟರೆ ಸಾಕು.

ಸೊಳ್ಳೆ ಜಾಲರಿಯನ್ನು ಗಾಜಿನ ಹೊರಗೆ ಬಿಗಿಯಾಗಿ ಕಟ್ಟಿದರೆ ಒಂದು ಏಟಿಗೆ ಎರಡು ಕೆಲಸ. ಪ್ರತಿಬಿಂಬ ಮಂಕಾಗುತ್ತದೆ, ಹಕ್ಕಿ ಬಂದು ತಾಗಿದರೂ ಜಾಲರಿ ಬಗ್ಗಿ ಪೆಟ್ಟನ್ನು ಹೀರುತ್ತದೆ. ಕಿಟಕಿಯ ಹೊರಗೆ ಮೇಲಿನಿಂದ 10 ಸೆಂಟಿಮೀಟರಿಗೆ ಒಂದರಂತೆ ದಪ್ಪ ಹುರಿಗಳನ್ನು ಇಳಿಬಿಡುವುದು ಇನ್ನೊಂದು ಉಪಾಯ. ಚುಕ್ಕಿಯಾದರೆ ಬಿಳಿ ಅಥವಾ ತಿಳಿ ಬಣ್ಣದ್ದು ಎದ್ದು ಕಾಣುತ್ತದೆ. ಬಿಳಿ ಸ್ಟಿಕ್ಕರ್ ಕಾಗದವನ್ನು ಕತ್ತರಿಸಿ ಅಂಟಿಸಬಹುದು, ಪೋಸ್ಟರ್ ಬಣ್ಣದಿಂದ ಇಡಬಹುದು. ಮಳೆಗೆ ತೊಳೆದುಹೋದರೆ ಮತ್ತೆ ಇಟ್ಟರಾಯಿತು. ಹಕ್ಕಿಗಳಿಗೆ ನೀರು, ಕಾಳು ಇಡುವ ಮನೆಗಳಲ್ಲಿ ಆ ತಟ್ಟೆ ಕಿಟಕಿಗೆ ಒಂದು ಮೀಟರಿನೊಳಗೆ ಇರಲಿ, ಇಲ್ಲವೆ 10 ಮೀಟರಿಗಿಂತ ದೂರವಿರಲಿ. ಹತ್ತಿರವಿದ್ದರೆ ಗಾಬರಿಯಿಂದ ಎದ್ದ ಹಕ್ಕಿಗೆ ವೇಗ ಬರುವಷ್ಟು ಜಾಗವಿರುವುದಿಲ್ಲ. ವಲಸೆಯ ತಿಂಗಳುಗಳಲ್ಲಿ ರಾತ್ರಿ ಬೇಡದ ದೀಪಗಳನ್ನು ಆರಿಸುವುದು, ಪರದೆ ಎಳೆಯುವುದು ಎಲ್ಲರಿಂದಲೂ ಆಗುವ ಕೆಲಸ.

ಬಡಿದು ಬಿದ್ದ ಹಕ್ಕಿಗೆ ಜೀವವಿದ್ದರೆ ಅದಕ್ಕೆ ಬೇಕಾದದ್ದು ಕತ್ತಲೆ ಮತ್ತು ಮೌನ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಹಕ್ಕಿಯನ್ನು ಮೆಲ್ಲನೆ ಎತ್ತಿಟ್ಟು ಮುಚ್ಚಬೇಕು. ಬಾಯಿಗೆ ನೀರು ಬಿಡುವುದು, ಅನ್ನ ತುರುಕುವುದು ಕೂಡದು. ನೀರು ಶ್ವಾಸಕೋಶಕ್ಕೆ ಇಳಿದು ಪ್ರಾಣ ಹೋಗಬಹುದು. ಮತ್ತೆ ಮತ್ತೆ ತೆರೆದು ನೋಡುವುದೂ ಬೇಡ. ಒಂದು ಗಂಟೆ ಕಳೆದ ಮೇಲೆ ಪೆಟ್ಟಿಗೆಯನ್ನು ಮನೆಯ ಹೊರಗೆ, ಕಿಟಕಿಗಳಿಂದ ದೂರ ಒಯ್ದು ತೆರೆದರೆ ಚೇತರಿಸಿಕೊಂಡ ಹಕ್ಕಿ ತಾನೇ ಹಾರುತ್ತದೆ. ಹಾರದಿದ್ದರೆ ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿಗಳ ಚಿಕಿತ್ಸಾ ಕೇಂದ್ರಕ್ಕೆ ತಿಳಿಸಬೇಕು. ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ಕಾಡು ಹಕ್ಕಿಯನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಮಕ್ಕಳಿಗೆ ಹಿರಿಯರು ತಿಳಿಸಿ ಹೇಳಬೇಕು.

ಮಾಡಿ ನೋಡಿ

1. ಹಗಲು ಹೊತ್ತು ಶಾಲೆಯ ಅಂಗಳದಲ್ಲಿ ನಿಂತು ಪ್ರತಿಯೊಂದು ಕಿಟಕಿಯ ಗಾಜಿನಲ್ಲಿ ಏನು ಕಾಣುತ್ತದೆ ಎಂದು ಪಟ್ಟಿ ಮಾಡಿ: ಕೋಣೆಯೋ, ಮರವೋ, ಆಕಾಶವೋ? ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ನೋಡಿ. ಮರ ಮತ್ತು ಆಕಾಶ ಕಾಣುವ ಕಿಟಕಿಗಳೇ ಅಪಾಯದವು.

2. ರಾತ್ರಿ ದೀಪ ಹಾಕಿದ ಕೋಣೆಯಲ್ಲಿ ಕಿಟಕಿಯ ಗಾಜಿನ ಮುಂದೆ ನಿಲ್ಲಿ. ನಿಮ್ಮ ಮುಖ ಕಾಣುತ್ತದೆ. ದೀಪ ಆರಿಸಿ. ಈಗ ಹೊರಗಿನದು ಕಾಣುತ್ತದೆ. ಗಾಜು ಬದಲಾಗಲಿಲ್ಲ, ಬದಲಾದದ್ದೇನು?

3. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಕಿಟಕಿಗೆ ಎರಡು ಅಂಗುಲಕ್ಕೊಂದರಂತೆ ಎಷ್ಟು ಚುಕ್ಕಿ ಬೇಕು? ಒಂದು ಚದರ ಅಡಿಗೆ 36ರಂತೆ 432. ಷಿಕಾಗೊದ ಕಟ್ಟಡಕ್ಕೆ ಇದೇ ಲೆಕ್ಕದಲ್ಲಿ ಎಷ್ಟಾಗಬಹುದು? ಸುಮಾರು 43 ಲಕ್ಷ.

4. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸಮಯ, ಕಿಟಕಿ, ಹಕ್ಕಿಯ ಹೆಸರು ಎಂಬ ನಾಲ್ಕು ಅಂಕಣಗಳನ್ನು ಹಾಕಿಡಿ. ಹಕ್ಕಿ ಬಡಿದಾಗಲೆಲ್ಲ ಬರೆಯಿರಿ. ಒಂದು ವರ್ಷದ ನಂತರ ಅಪಾಯದ ಕಿಟಕಿಗೆ ಚುಕ್ಕಿ ಇಟ್ಟು ಇನ್ನೊಂದು ವರ್ಷ ಬರೆದು ಹೋಲಿಸಿ. ತರಗತಿ ಬದಲಾದಾಗ ಪುಸ್ತಕವನ್ನು ಕಿರಿಯರಿಗೆ ಒಪ್ಪಿಸಿ ಹೋಗಿ.

ಷಿಕಾಗೊದಲ್ಲಿ ಸತ್ತ ಹಕ್ಕಿಗಳನ್ನು ಎಣಿಸಿದ ಪುಸ್ತಕವೇ ಕೊನೆಗೆ ಬದುಕುವ ಹಕ್ಕಿಗಳ ಪರವಾಗಿ ಸಾಕ್ಷಿ ನುಡಿಯಿತು. ಅಲ್ಲಿ ಎಣಿಕೆಗೂ ಪರಿಹಾರಕ್ಕೂ ನಡುವೆ ನಲವತ್ತಾರು ವರ್ಷ ಹಿಡಿಯಿತು. ಪರಿಹಾರ ಗೊತ್ತಾದ ಮೇಲೆ ಅಷ್ಟು ಕಾಯುವ ಅಗತ್ಯ ಯಾವ ಶಾಲೆಗೂ, ಯಾವ ಮನೆಗೂ ಇಲ್ಲ. ಈ ವರ್ಷದ ನವರಂಗ ಬರುವ ಮೊದಲು ಒಂದು ಕಿಟಕಿಗೆ ಚುಕ್ಕಿ ಇಡಲು ಒಂದು ಭಾನುವಾರ ಸಾಕು.